ಅಗ್ಗದ ಡಿಎಸ್‌ಎಲ್‌ಆರ್‌ನಲ್ಲಿ ಏನಿಲ್ಲ ಎಂಬುದನ್ನು ಮೊದಲು ನೋಡಿ

2003ರ ಆಗಸ್ಟ್‌ನಲ್ಲಿ ಕ್ಯಾನನ್ 300ಡಿ ಬಂದಾಗ ಹವ್ಯಾಸಿಗಳ ನಡುವಿನ ಮಾತೆಲ್ಲ ಅದರ ಬೆಲೆಯ ಸುತ್ತಲೇ ನಡೆಯಿತು. ಅಮೆರಿಕದಲ್ಲಿ ಬರೀ ಬಾಡಿಯ ಬೆಲೆ 899 ಡಾಲರ್, 18-55 ಲೆನ್ಸ್ ಸೇರಿದರೆ 999. ಸಾವಿರ ಡಾಲರ್‌ ಒಳಗೆ ಡಿಎಸ್‌ಎಲ್‌ಆರ್ ಸಿಕ್ಕಿದ್ದು ಅದೇ ಮೊದಲು. 1991ರ ಕೊಡಕ್ ಡಿಸಿಎಸ್ ನಿಕಾನ್ ಎಫ್3 ಬಾಡಿಯ ಮೇಲೆ ಕಟ್ಟಿದ ಕ್ಯಾಮೆರಾ. ಅದು ಕೊಡುತ್ತಿದ್ದುದು 1.3 ಮೆಗಾಪಿಕ್ಸೆಲ್, ಚಿತ್ರ ಉಳಿಸುವ ಪೆಟ್ಟಿಗೆಯನ್ನು ಹೆಗಲಿಗೆ ಬೇರೆ ನೇತುಹಾಕಿಕೊಳ್ಳಬೇಕಿತ್ತು. 1999ರ ನಿಕಾನ್ ಡಿ1ಕ್ಕೆ ಅಂಥ ಪೆಟ್ಟಿಗೆ ಬೇಕಿರಲಿಲ್ಲವಾದರೂ ಅದರ ಬೆಲೆ ಪತ್ರಿಕಾ ಸಂಸ್ಥೆಗಳಿಗಷ್ಟೇ ಎಟುಕುವಂತಿತ್ತು.

300ಡಿ ಅಗ್ಗವಾದದ್ದು ಹೇಗೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಅದರೊಳಗಿನ 6.3 ಮೆಗಾಪಿಕ್ಸೆಲ್ ಸೆನ್ಸರ್, ಆಗಿನ ದುಬಾರಿ 10ಡಿಯಲ್ಲಿ ಇದ್ದದ್ದೇ. ಹಾಗಾಗಿ ಚಿತ್ರದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಉಳಿತಾಯ ಮಾಡಿದ್ದು ಬೇರೆ ಕಡೆ: ಪ್ಲಾಸ್ಟಿಕ್ ಬಾಡಿ, ವ್ಯೂಫೈಂಡರ್‌ನಲ್ಲಿ ಗಾಜಿನ ಪೆಂಟಾಪ್ರಿಸಂ ಬದಲು ಕನ್ನಡಿಗಳನ್ನು ಜೋಡಿಸಿದ ಪೆಂಟಾಮಿರರ್, ಎರಡು ಡಯಲ್‌ಗಳ ಜಾಗದಲ್ಲಿ ಒಂದು. ಕೆಲವು ಸೌಲಭ್ಯಗಳು ಕ್ಯಾಮೆರಾದೊಳಗೇ ಇದ್ದರೂ ತಂತ್ರಾಂಶದಲ್ಲಿ ಅವಕ್ಕೆ ಬೀಗ ಹಾಕಲಾಗಿತ್ತು. ಬಳಕೆದಾರರು ಫರ್ಮ್‌ವೇರ್ ತಿದ್ದಿ ಆ ಬೀಗ ತೆಗೆದರು. ಮುಂದಿನ ಹದಿನೈದು ವರ್ಷ ಆರಂಭಿಕ ಡಿಎಸ್‌ಎಲ್‌ಆರ್‌ಗಳು ತಯಾರಾದದ್ದು ಇದೇ ಸೂತ್ರದ ಮೇಲೆ. ಸೆನ್ಸರ್ ಒಳ್ಳೆಯದನ್ನೇ ಕೊಡುತ್ತಾರೆ, ಅದರ ಸುತ್ತಲಿನದನ್ನು ಕತ್ತರಿಸುತ್ತಾರೆ. ಆದರೆ ಬಹುಪಾಲು ವಿಮರ್ಶೆಗಳು ಇಂಥ ಕ್ಯಾಮೆರಾಗಳನ್ನು ತೂಗಿದ್ದು ಸೆನ್ಸರ್‌ನಿಂದಲೇ. ನನ್ನ ತಕರಾರು ಇರುವುದು ಅಲ್ಲೇ.

ಮೊದಲ ಕೆಲವು ವರ್ಷ ಮೆಗಾಪಿಕ್ಸೆಲ್ ಲೆಕ್ಕದ್ದೇ ಭರಾಟೆ. 2005ರ 350ಡಿಯಲ್ಲಿ 8, 2006ರ 400ಡಿಯಲ್ಲಿ 10, 2008ರ 450ಡಿಯಲ್ಲಿ 12. ಆ ಓಟದ ನಡುವೆ 2006ರ ಕೊನೆಗೆ ನಿಕಾನ್ 6 ಮೆಗಾಪಿಕ್ಸೆಲ್‌ನ ಡಿ40 ತಂದಿತು. ಅಂಕಿಯಲ್ಲಿ ಹಿಂದುಳಿದ ಈ ಕ್ಯಾಮೆರಾವನ್ನು ಕೈಗೆತ್ತಿಕೊಂಡವರು ಮಾತ್ರ ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಪುಟ್ಟ ಬಾಡಿ, ಚುರುಕು ಶಟರ್, ಫ್ಲ್ಯಾಶ್ ಜೊತೆ ಸೆಕೆಂಡಿನ 1/500ರವರೆಗೆ ಹೊಂದಿಕೊಳ್ಳುವ ವೇಗ. ನಂತರ ಬಂದ ಡಿ3000 ಸರಣಿಯಲ್ಲಿ ಆ ವೇಗ 1/200ಕ್ಕೆ ಇಳಿಯಿತು, ಮಟಮಟ ಮಧ್ಯಾಹ್ನ ಫ್ಲ್ಯಾಶ್ ಬಳಸಿ ಮುಖದ ನೆರಳು ತೆಗೆಯುವವರಿಗೆ ಇದು ನಷ್ಟವೇ. ಡಿ40ಯಲ್ಲೂ ಕತ್ತರಿ ಆಡಿತ್ತು. ಫೋಕಸ್ ಬಿಂದುಗಳು ಮೂರೇ, ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಫಿಲ್ಮ್ ಕಾಲದ 50 ಎಂಎಂ ಲೆನ್ಸ್ ಮನೆಯಲ್ಲಿದೆ ಎಂದು ಇದನ್ನು ಕೊಂಡವರು ಕೈಯಿಂದಲೇ ಫೋಕಸ್ ಮಾಡಬೇಕಾಯಿತು.

ವಿಮರ್ಶೆಗಳ ಎರಡನೆಯ ಘಟ್ಟ ಪ್ರಯೋಗಾಲಯದ ಅಂಕಗಳದು. ಫಿಲ್ ಆಸ್ಕಿ 1998ರಲ್ಲಿ ಶುರುಮಾಡಿದ ಡಿಪಿರಿವ್ಯೂ ಜಾಲತಾಣ, ಒಂದೇ ಸ್ಟುಡಿಯೊ ದೃಶ್ಯವನ್ನು ಬೇರೆ ಬೇರೆ ಕ್ಯಾಮೆರಾಗಳಲ್ಲಿ ತೆಗೆದು ಅಕ್ಕಪಕ್ಕ ಇಡುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. 2008ರಿಂದ ಡಿಎಕ್ಸ್‌ಒಮಾರ್ಕ್ ಸೆನ್ಸರ್‌ಗಳಿಗೆ ಅಂಕ ಕೊಡತೊಡಗಿತು. ಇದರಿಂದ ಒಳ್ಳೆಯದೇ ಆಯಿತು ಎಂದು ನಾನು ನಂಬುತ್ತೇನೆ. ಮೆಗಾಪಿಕ್ಸೆಲ್ ಬಿಟ್ಟು ನಾಯ್ಸ್, ಡೈನಾಮಿಕ್ ರೇಂಜ್ ಬಗ್ಗೆ ಜನ ಕೇಳುವಂತಾಯಿತು. ಕ್ಯಾನನ್ ತನ್ನ 18 ಮೆಗಾಪಿಕ್ಸೆಲ್ ಸೆನ್ಸರ್ ಪೀಳಿಗೆಯನ್ನು ಆರಂಭಿಕ ಸಾಲಿನಲ್ಲಿ 2010ರ 550ಡಿಯಿಂದ 2018ರ 3000ಡಿವರೆಗೆ ಎಳೆದದ್ದನ್ನು, ನೆರಳಿನ ಭಾಗ ಎತ್ತಿದರೆ ಅದರಲ್ಲಿ ಕಾಣುವ ಗೆರೆಗಳನ್ನು ಬಯಲು ಮಾಡಿದ್ದು ಇಂಥ ಪರೀಕ್ಷೆಗಳೇ.

ಅಷ್ಟರಲ್ಲಿ ವಿಡಿಯೊ ಬಂತು. 2008ರ ನಿಕಾನ್ ಡಿ90 ವಿಡಿಯೊ ತೆಗೆದ ಮೊದಲ ಡಿಎಸ್‌ಎಲ್‌ಆರ್. ಮರುವರ್ಷದ ಕ್ಯಾನನ್ 500ಡಿ ಆ ಸೌಲಭ್ಯವನ್ನು ಆರಂಭಿಕ ಸಾಲಿಗೆ ತಂದರೂ 1080ಪಿಯಲ್ಲಿ ಸೆಕೆಂಡಿಗೆ 20 ಫ್ರೇಮ್ ಮಾತ್ರ. ಆ ಸಾಲಿನಲ್ಲಿ ಚಲಿಸುವ ವ್ಯಕ್ತಿಯ ಮೇಲೆ ಫೋಕಸ್ ಸರಾಗವಾಗಿ ನಿಲ್ಲಲು 2017ರಲ್ಲಿ ಡ್ಯುಯಲ್ ಪಿಕ್ಸೆಲ್ ಫೋಕಸ್ ಬರುವ ತನಕ ಕಾಯಬೇಕಾಯಿತು.

ಸ್ಥಿರಚಿತ್ರ ತೆಗೆಯುವವರಿಗೆ ಮಾತ್ರ ಸೆನ್ಸರ್ ಪ್ರಶ್ನೆ 2012ರ ನಿಕಾನ್ ಡಿ3200ರೊಂದಿಗೇ ಬಹುಮಟ್ಟಿಗೆ ಮುಗಿಯಿತು. ಅದರ 24 ಮೆಗಾಪಿಕ್ಸೆಲ್ ಎಂದರೆ ಸುಮಾರು 6000×4000 ಬಿಂದುಗಳು. ಸ್ಪರ್ಧೆಗಳಿಗೆ ಕಳಿಸುವ 12×18 ಇಂಚಿನ ಪ್ರಿಂಟ್‌ಗೆ, ಇಂಚಿಗೆ 300 ಬಿಂದುಗಳಂತೆ, ಬೇಕಾದದ್ದು 5400×3600. ಅಂದರೆ ಅಂಚು ಕತ್ತರಿಸಿಯೂ ಮಿಗುತ್ತದೆ.

ಆದರೆ ಕ್ಯಾಮೆರಾ ಹಿಡಿದು ಹೊರಗೆ ನಡೆದಾಗ ಕಾಡುವುದು ಬೇರೆಯದೇ. ರಂಗನತಿಟ್ಟಿನ ದೋಣಿಯಲ್ಲಿ ಕೂತಿದ್ದೀರಿ. ಕಡುಹಸಿರು ಮರದ ಮುಂದೆ ಬಿಳಿ ಚಮಚಕೊಕ್ಕು ಹಾರುತ್ತಿದೆ. ಕ್ಯಾಮೆರಾ ಹಸಿರು ಕತ್ತಲನ್ನು ಲೆಕ್ಕಕ್ಕೆ ಹಿಡಿದು ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ರೆಕ್ಕೆ ಬರೀ ಬಿಳಿ ಮಚ್ಚೆಯಾಗುತ್ತದೆ. ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪ್ ಇಳಿಸಬೇಕು. ಎರಡು ಡಯಲ್ ಇರುವ ಬಾಡಿಯಲ್ಲಿ ಒಂದನ್ನು ಈ ಕೆಲಸಕ್ಕೇ ಹೊಂದಿಸಿಟ್ಟಿದ್ದರೆ ಕಣ್ಣು ತೆಗೆಯದೆ ಬೆರಳಲ್ಲೇ ತಿರುಗಿಸಬಹುದು. ಒಂದೇ ಡಯಲ್‌ನ ಡಿ3200ರಂಥ ಬಾಡಿಯಲ್ಲಿ ತೋರುಬೆರಳು ಶಟರ್ ಬಿಟ್ಟು ಪಕ್ಕದ ಪ್ಲಸ್-ಮೈನಸ್ ಗುಂಡಿಯನ್ನು ಒತ್ತಿ ಹಿಡಿಯಬೇಕು, ಹೆಬ್ಬೆರಳು ಡಯಲ್ ತಿರುಗಿಸಬೇಕು, ಮತ್ತೆ ಶಟರ್‌ಗೆ ಮರಳಬೇಕು. ಹಕ್ಕಿ ಅಷ್ಟರಲ್ಲಿ ಮರದ ಹಿಂದೆ. ವ್ಯೂಫೈಂಡರ್ ತೋರಿಸುವುದೂ ಚಿತ್ರದ ನೂರರಲ್ಲಿ ಸುಮಾರು 95 ಭಾಗ ಮಾತ್ರ. ನೋಡುವಾಗ ಕಾಣದ ಕೊಂಬೆಯೊಂದು ಚಿತ್ರದ ಅಂಚಿನಲ್ಲಿ ಇಣುಕುತ್ತದೆ. ಯಾವ ಅಂಕಪಟ್ಟಿಯೂ ಇದನ್ನು ಹೇಳುವುದಿಲ್ಲ. ಹೆಚ್ಚುಕಡಿಮೆ ಇದೇ ವರ್ಗದ 2012ರ ಪೆಂಟಾಕ್ಸ್ ಕೆ-30ಯಲ್ಲಿ ಗಾಜಿನ ಪ್ರಿಸಂ, ಪೂರ್ತಿ 100 ಭಾಗ ತೋರಿಸುವ ವ್ಯೂಫೈಂಡರ್, ಎರಡು ಡಯಲ್, ಮಳೆಹನಿಗೆ ತಡೆ ಎಲ್ಲವೂ ಇದ್ದವು. ಇಷ್ಟನ್ನು ಕೊಡಲು ಸಾಧ್ಯವಿತ್ತು ಎಂಬುದಕ್ಕೆ ಅದೇ ಸಾಕ್ಷಿ.

2016ರಿಂದ ಕತ್ತರಿ ಇನ್ನೂ ಹರಿತವಾಯಿತು. ನಿಕಾನ್ ಡಿ3300ರಲ್ಲಿದ್ದ ಮೈಕ್ ಕಿಂಡಿಯನ್ನೂ ಸೆನ್ಸರ್‌ನ ದೂಳು ಕೊಡವುವ ವ್ಯವಸ್ಥೆಯನ್ನೂ ಡಿ3400ರಲ್ಲಿ ತೆಗೆದರು. ಕ್ಯಾನನ್ 3000ಡಿಯಲ್ಲಿ ಲೆನ್ಸ್ ಕೂರುವ ಮೌಂಟ್ ಕೂಡ ಪ್ಲಾಸ್ಟಿಕ್, ಕನ್ನಡಕ ಹಾಕುವವರಿಗೆ ಬೇಕಾದ ಡಯಾಪ್ಟರ್ ಹೊಂದಿಕೆಯೂ ಇಲ್ಲ. 3000ಡಿಯಲ್ಲೂ 1500ಡಿಯಲ್ಲೂ ಫ್ಲ್ಯಾಶ್ ಕೂರಿಸುವ ಹಾಟ್‌ಶೂನ ನಡುವಿನ ಸಂಪರ್ಕಬಿಂದುವನ್ನೇ ತೆಗೆದುಬಿಟ್ಟರು. ಬೇರೆ ಕಂಪನಿಯ ಅಗ್ಗದ ಫ್ಲ್ಯಾಶ್ ನಂಬಿಕೊಂಡ ವಿದ್ಯಾರ್ಥಿಗೆ ಇದು ಅನ್ಯಾಯ.

2020ರಲ್ಲಿ ಜಪಾನ್ ಕಂಪನಿಗಳು ಜಗತ್ತಿಗೆ ಕಳಿಸಿದ ಮಿರರ್‌ಲೆಸ್ ಕ್ಯಾಮೆರಾಗಳ ಸಂಖ್ಯೆ ಡಿಎಸ್‌ಎಲ್‌ಆರ್‌ಗಳನ್ನು ಮೀರಿತು. 2018ರ ನಿಕಾನ್ ಡಿ3500ರ ನಂತರ ಆ ಸರಣಿಯಲ್ಲಿ ಇನ್ನೊಂದು ಬರಲಿಲ್ಲ. ಈಗ ಆರಂಭಿಕ ಡಿಎಸ್‌ಎಲ್‌ಆರ್ ಎಂದರೆ ಮುಖ್ಯವಾಗಿ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆ, ಅದರ ಪರೀಕ್ಷೆಯೂ ಬೇರೆ. ಶಟರ್ ಎಷ್ಟು ಸಲ ಬಿದ್ದಿದೆ ಕೇಳಿ. ಡಿ3200 ಶಟರ್ ಅನ್ನು ನಿಕಾನ್ ಪರೀಕ್ಷಿಸಿದ್ದು ಒಂದು ಲಕ್ಷ ಸಲಕ್ಕೆ. ಎಫ್/16ಕ್ಕೆ ಇಟ್ಟು ಆಕಾಶ ತೆಗೆದು ದೂಳಿನ ಚುಕ್ಕೆ ಹುಡುಕಿ. ಲೆನ್ಸ್‌ನೊಳಗೆ ಟಾರ್ಚ್ ಬಿಟ್ಟು ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಮಲೆನಾಡು, ಕರಾವಳಿಯ ಮಳೆಗಾಲ ಕಳೆದ ಲೆನ್ಸ್ ಆದರೆ ಫಂಗಸ್ ಇರುವ ಸಂಭವ ಹೆಚ್ಚು.

ವಿಡಿಯೊ ಮುಖ್ಯವಾದವರು ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋಗಿ. ಚಿತ್ರ ತೆಗೆಯುವುದನ್ನೇ ಕಲಿಯಬೇಕೆಂದಿರುವವರು ಹೊಸ 3000ಡಿಯ ಬದಲು ಎರಡು ಡಯಲ್ ಇರುವ ಹಳೆಯ ನಿಕಾನ್ ಡಿ7100 ಅಥವಾ ಕ್ಯಾನನ್ 70ಡಿ ಹುಡುಕಿ. ಉಳಿದ ಹಣದಲ್ಲಿ 35 ಅಥವಾ 50 ಎಂಎಂ ಎಫ್/1.8 ಲೆನ್ಸ್ ಒಂದನ್ನು ತೆಗೆದುಕೊಳ್ಳಿ.