ಸಂಚಾರಿ ಉಪದೇಶಿಗಳು

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1854ರಲ್ಲಿ ಉಡುಪಿಯಲ್ಲಿ ನೆಲೆಯೂರಿತು. ಪಾದ್ರಿಗಳೂ ಊರಿನವರೇ ಆದ ಉಪದೇಶಿಗಳೂ ನಡೆದು, ದೋಣಿಯಲ್ಲಿ ಹೊಳೆ ದಾಟಿ ಕಾಪು, ಕಾರ್ಕಳದ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದರು. ಸಂತೆ, ಜಾತ್ರೆಗಳಲ್ಲಿ ಬೋಧನೆ. ಅಲ್ಲೊಂದು ಇಲ್ಲೊಂದು ಇದ್ದ ಕ್ರೈಸ್ತ ಮನೆಗಳಲ್ಲಿ ಪ್ರಾರ್ಥನೆ. ಮಾತು ಹೆಚ್ಚಾಗಿ ತುಳುವಿನಲ್ಲಿ: ಕನ್ನಡ ಲಿಪಿಯ ತುಳು ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಗಿತ್ತು.

ಸಭೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಜಾತಿ ಬಿಟ್ಟವರಿಗೆ ಹಲವೊಮ್ಮೆ ಮನೆ, ಗೇಣಿಯೂ ತಪ್ಪುತ್ತಿತ್ತು. ಬರಿಯ ಬೋಧನೆಯಿಂದ ಸಭೆ ಉಳಿಯುವಂತಿರಲಿಲ್ಲ. ಮಿಷನ್ ನಡೆಸಿದ ಮಂಗಳೂರಿನ ನೇಯ್ಗೆ, ಮಲ್ಪೆಯ ಹಂಚಿನ ಕಾರ್ಖಾನೆಗಳು ಅವರಿಗೆ ಕೂಲಿ ಕೊಟ್ಟವು. ಮುಂದೆ ಮಿಷನ್‌ನ ವೈದ್ಯೆ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ತೆರೆದ ಚಿಕಿತ್ಸಾಲಯವನ್ನು ಊರವರು ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ.