ಇಸಬಿನ ಮುಲಾಮುಗಳನ್ನು ಒರೆಗೆ ಹಚ್ಚಿದ ಬಗೆ

ಚರ್ಮ ಕೆಂಪೇರಿ, ತುರಿಕೆಯೆದ್ದು, ಕೆಲವೊಮ್ಮೆ ಒಡೆದು ರಸ ಸೋರುವ ಇಸಬಿಗೆ, ಅಂದರೆ ವೈದ್ಯರು ಎಕ್ಸಿಮಾ ಎನ್ನುವ ಉರಿಯೂತಕ್ಕೆ, ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಕಲ್ಲಿದ್ದಲಿನ ಡಾಂಬರು ಮುಖ್ಯ ಮದ್ದುಗಳಲ್ಲೊಂದಾಗಿತ್ತು. ಅದು ತುರಿಕೆಯನ್ನು ತಗ್ಗಿಸಿದರೂ ಅದರ ವಾಸನೆಯನ್ನೂ ಬಟ್ಟೆಗೆ ಹಿಡಿಯುವ ಕಲೆಯನ್ನೂ ರೋಗಿಗಳು ಸಹಿಸಬೇಕಾಗಿತ್ತು. ಅಡ್ರಿನಲ್ ಗ್ರಂಥಿಯಲ್ಲಿ ಸ್ರವಿಸುವ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನು ಮುಲಾಮಿನಲ್ಲಿ ಬೆರೆಸಿ ಹಚ್ಚಿದರೆ ಇಸಬು ಇಳಿಯುತ್ತದೆಂದು ಅಮೆರಿಕದ ಚರ್ಮವೈದ್ಯರಾದ ಸಲ್ಜ್‌ಬರ್ಗರ್ ಮತ್ತು ವಿಟನ್ 1952ರಲ್ಲಿ ತೋರಿಸಿದ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು.

ಮುಂದಿನ ವರ್ಷಗಳಲ್ಲಿ ಟ್ರಯಾಮ್ಸಿನೊಲೋನ್‌ನಂತಹ ಇನ್ನಷ್ಟು ಪ್ರಬಲ ಸ್ಟೀರಾಯ್ಡ್‌ಗಳು ಬಂದವಾದರೂ, ಅವುಗಳ ಬಲಾಬಲವನ್ನು ಅಳೆಯುವ ಸುಲಭ ಸಾಧನ ದೊರೆತದ್ದು 1962ರಲ್ಲಿ, ಮೆಕೆಂಜಿ ಮತ್ತು ಸ್ಟೌಟನ್ ಅವರಿಂದ. ಸ್ಟೀರಾಯ್ಡ್ ಕಿರುರಕ್ತನಾಳಗಳನ್ನು ಕುಗ್ಗಿಸುವುದರಿಂದ ಹಚ್ಚಿದ ಜಾಗ ಬಿಳಿಚಿಕೊಳ್ಳುತ್ತದೆ. ಮದ್ಯಸಾರದಲ್ಲಿ ಕರಗಿಸಿದ ಔಷಧವನ್ನು ಆರೋಗ್ಯವಂತರ ಮುಂದೋಳಿಗೆ ಲೇಪಿಸಿ, ಎಷ್ಟು ತೆಳುವಾದ ದ್ರಾವಣವೂ ಚರ್ಮವನ್ನು ಬಿಳಿಚಿಸುತ್ತದೆಂಬುದರ ಮೇಲೆ ಅವರು ಔಷಧಗಳನ್ನು ಹೋಲಿಸಿದರು. ಇಷ್ಟು ಸರಳವಾದ ಪರೀಕ್ಷೆಯು ಸ್ಟೀರಾಯ್ಡ್‌ಗಳನ್ನು ಸೌಮ್ಯದಿಂದ ಅತಿಪ್ರಬಲದವರೆಗೆ ವಿಂಗಡಿಸಲು ನೆಲೆಯಾದದ್ದು, ಹೊಸ ಔಷಧವೊಂದರ ಶೋಧಕ್ಕಿಂತ ಕಡಿಮೆಯ ಸಾಧನೆಯಲ್ಲ. ಪ್ರಬಲ ಮುಲಾಮನ್ನು ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗಿ ಗೀರುಗಳು ಮೂಡುವುದರಿಂದ, ಮುಖದ ಸೌಮ್ಯ ಇಸಬಿಗೆ 1% ಹೈಡ್ರೊಕಾರ್ಟಿಸೋನ್, ಕೈಕಾಲಿನ ದಡ್ಡುಗಟ್ಟಿದ ಚರ್ಮಕ್ಕೆ ಅದಕ್ಕಿಂತ ಬಲವಾದದ್ದು ಎಂಬ ವಿವೇಚನೆಗೆ ಈ ವಿಂಗಡಣೆಯೇ ಆಧಾರವಾಯಿತು.

ಚರ್ಮವನ್ನು ತೆಳುವಾಗಿಸದ ಔಷಧಗಳಾಗಿ, ರೋಗನಿರೋಧಕ ಕೋಶಗಳ ಉದ್ರೇಕವನ್ನು ತಡೆಯುವ ಟ್ಯಾಕ್ರೊಲಿಮಸ್ ಮತ್ತು ಪಿಮೆಕ್ರೊಲಿಮಸ್ ಲೇಪಗಳಿಗೆ ಅಮೆರಿಕದಲ್ಲಿ ಕ್ರಮವಾಗಿ 2000 ಮತ್ತು 2001ರಲ್ಲಿ ಅನುಮತಿ ದೊರೆಯಿತು. ಮೊದಲನೆಯದು ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು. ಕ್ಯಾನ್ಸರ್ ಶಂಕೆಯಿಂದ 2006ರಲ್ಲಿ ಅವುಗಳ ಪೊಟ್ಟಣದ ವಿವರಣೆಯಲ್ಲಿ ಎಚ್ಚರಿಕೆ ಸೇರಿತು. ಸೌಮ್ಯದಿಂದ ಮಧ್ಯಮ ಇಸಬಿದ್ದ 2,418 ಶಿಶುಗಳನ್ನು ಐದು ವರ್ಷ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಮೆಕ್ರೊಲಿಮಸ್ ಮತ್ತು ಸೌಮ್ಯ ಅಥವಾ ಮಧ್ಯಮ ಬಲದ ಸ್ಟೀರಾಯ್ಡ್‌ಗಳು ಹೆಚ್ಚುಕಡಿಮೆ ಸಮಾನ ಫಲ ನೀಡಿದವು. ಬೀಟಾಮೆಥಾಸೋನ್ ವ್ಯಾಲರೇಟಿನಂತಹ ಪ್ರಬಲ ಸ್ಟೀರಾಯ್ಡಿನ ಮುಂದೆ ಮಾತ್ರ ಪಿಮೆಕ್ರೊಲಿಮಸ್ ಹಿಂದುಳಿಯುತ್ತದೆ.

ಇಷ್ಟೆಲ್ಲ ತೂಗಿ ನೋಡಿದ ಜ್ಞಾನ ಭಾರತದ ಔಷಧ ಅಂಗಡಿಗಳ ಗ್ರಾಹಕರನ್ನು ತಲುಪದೇ ಹೋದದ್ದು ದುಃಖದ ಸಂಗತಿ: ಪ್ರಬಲ ಸ್ಟೀರಾಯ್ಡ್‌ಗಳನ್ನು ಶಿಲೀಂಧ್ರನಾಶಕಗಳೊಡನೆ ಬೆರೆಸಿದ ಕ್ರೀಮುಗಳನ್ನು ಜನರು ವೈದ್ಯರ ಚೀಟಿಯಿಲ್ಲದೆ ಕೊಂಡು ತುರಿಕೆಗೂ ಮೈಬಣ್ಣಕ್ಕೂ ಹಚ್ಚಿಕೊಂಡರು. ಚರ್ಮವೈದ್ಯರ ದೀರ್ಘ ಒತ್ತಾಯದ ನಂತರ 2018ರಲ್ಲಿ ಕೇಂದ್ರ ಸರ್ಕಾರವು ಲೇಪನದ ಹಲವು ಸ್ಟೀರಾಯ್ಡ್‌ಗಳನ್ನು, ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಾದ ಷೆಡ್ಯೂಲ್ ಎಚ್‌ಗೆ ಸೇರಿಸಿತು.