ಚೀಟಿಯಲ್ಲಿ ಒಂದು, ಕೈಯಲ್ಲಿ ಇನ್ನೊಂದು: ಔಷಧ ಅಂಗಡಿಯಲ್ಲಿ ತಪ್ಪುಗಳು ಏಕೆ ಆಗುತ್ತವೆ?

ಸೊಲ್ಲಾಪುರ: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಆಮಶಂಕೆ ಭೇದಿಗೆ ಮೆಟ್ರೊನಿಡಜೋಲ್. ಹೆಸರಿನ ಆರಂಭ ಒಂದೇ, ಕೆಲಸ ಬೇರೆ ಬೇರೆ. ಎರಡೂ ಮೆಡಿಕಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಗುಳಿಗೆಗಳು. ಕಪಾಟಿನಲ್ಲಿ ಕೈ ಒಂದು ಖಾನೆ ಆಚೀಚೆ ಹೋದರೆ ಸಾಕು, ಶುಗರ್ ಇರುವ ಅಜ್ಜ ವಾರಗಟ್ಟಲೆ ಬೇರೆಯೇ ಗುಳಿಗೆ ನುಂಗುತ್ತಾನೆ. ಅತ್ತ ರಕ್ತದ ಸಕ್ಕರೆ ಏರುತ್ತಲೇ ಇರುತ್ತದೆ.

ಇದು ಗಡಿಭಾಗದ ಸಮಸ್ಯೆ ಮಾತ್ರವಲ್ಲ. ಔಷಧ ಬಳಕೆಯಲ್ಲಿ ಆಗುವ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ನಷ್ಟವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇಂಥ ತಪ್ಪುಗಳನ್ನು ತಗ್ಗಿಸಲು ಸಂಸ್ಥೆ 2017ರಲ್ಲಿ ಜಾಗತಿಕ ಅಭಿಯಾನ ಆರಂಭಿಸಿತು. 2022ರ ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನಕ್ಕೂ ಇದೇ ವಿಷಯವನ್ನು ಆರಿಸಿತ್ತು.

ತಪ್ಪಿನಲ್ಲಿ ಎರಡು ಬಗೆ

ಮನುಷ್ಯರ ತಪ್ಪುಗಳನ್ನು ಅಧ್ಯಯನ ಮಾಡಿದ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರಲ್ಲಿ ಈ ಕುರಿತು ಪುಸ್ತಕ ಬರೆದರು. ತಿಳಿವಳಿಕೆ ಇಲ್ಲದೆ ಆಗುವ ತಪ್ಪು ಒಂದು. ಎಲ್ಲ ತಿಳಿದಿದ್ದೂ ಕೈತಪ್ಪಿ ಆಗುವುದು ಇನ್ನೊಂದು. ಮೊದಲನೆಯದಕ್ಕೆ ತರಬೇತಿಯೇ ಮದ್ದು. ಎರಡನೆಯದು ಇಪ್ಪತ್ತು ವರ್ಷದ ಅನುಭವಿಗೂ ಆಗುತ್ತದೆ. ಸಂಜೆಯ ಗದ್ದಲ, ನಡುವೆ ಬಂದ ಫೋನು, ಬಸ್ಸಿಗೆ ಹೊರಟ ಗ್ರಾಹಕರ ಅವಸರ ಸೇರಿದಾಗ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದುತ್ತದೆ. ಬೈಗುಳದಿಂದ ಇದು ನಿಲ್ಲದು, ವ್ಯವಸ್ಥೆ ಬದಲಾಗಬೇಕು.

ರೀಸನ್ ಅವರ ವಿವರಣೆಯನ್ನು ಹೊಲದ ಬೇಲಿಗೆ ಹೋಲಿಸಬಹುದು. ವೈದ್ಯರು, ಫಾರ್ಮಸಿಸ್ಟ್, ಬಿಲ್ಲು, ಮನೆಯವರು, ರೋಗಿ ಎಂದು ಐದು ಬೇಲಿಗಳಿವೆ ಎನ್ನಿ. ಪ್ರತಿ ಬೇಲಿಯಲ್ಲೂ ಅಲ್ಲಲ್ಲಿ ಸಂದಿ ಇರುತ್ತದೆ. ಐದೂ ಸಂದಿಗಳು ಒಂದೇ ಸಾಲಿಗೆ ಬಂದಾಗಲೇ ದನ ಪೈರಿಗೆ ನುಗ್ಗುತ್ತದೆ. ಒಂದು ಬೇಲಿ ಗಟ್ಟಿಯಿದ್ದರೂ ಅನಾಹುತ ತಪ್ಪುತ್ತದೆ.

ಹೆಸರುಗಳ ಗೊಂದಲ

ಅಮೆರಿಕದಲ್ಲಿ ಹೊಟ್ಟೆಯ ಆಮ್ಲ ತಗ್ಗಿಸುವ ‘ಲೋಸೆಕ್’, ಮೂತ್ರ ಹೆಚ್ಚಿಸುವ ‘ಲ್ಯಾಸಿಕ್ಸ್’ ಜೊತೆ ಅದಲುಬದಲಾಗುತ್ತಿತ್ತು. ಹೀಗಾಗಿ 1990ರಲ್ಲಿ ಅದರ ಹೆಸರನ್ನೇ ‘ಪ್ರಿಲೋಸೆಕ್’ ಎಂದು ಬದಲಿಸಲಾಯಿತು.

ನಮ್ಮಲ್ಲಿ ಮಲೇರಿಯಾ ಔಷಧಗಳಾದ ‘ಫಾಲ್ಸಿಗೊ’ ಮತ್ತು ‘ಫಾಲ್ಸಿಟ್ಯಾಬ್’ ಹೆಸರುಗಳ ವ್ಯಾಜ್ಯ ಸುಪ್ರೀಂ ಕೋರ್ಟ್ ಏರಿತ್ತು. ಔಷಧಗಳ ಹೆಸರಿನಲ್ಲಿ ಹೋಲಿಕೆಯನ್ನು ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು ಎಂದು ಕೋರ್ಟ್ 2001ರ ತೀರ್ಪಿನಲ್ಲಿ ಹೇಳಿತು. ಎಲ್ಲರಿಗೂ ಸಮಾನವಾದ ಒಂದು ಭಾಷೆಯಿಲ್ಲದ, ಇಂಗ್ಲಿಷ್ ಬಲ್ಲವರು ಕಡಿಮೆಯಿರುವ ದೇಶ ನಮ್ಮದು ಎಂಬುದನ್ನೂ ಅದು ಗಮನಿಸಿತು. ಗಡಿಯ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಲಿಪಿ, ಎರಡು ರಾಜ್ಯ

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ವ್ಯವಹಾರ ಮರಾಠಿ. ಇಂಡಿ, ಅಫಜಲಪುರ, ಆಳಂದ ಕಡೆಯಿಂದಲೂ ರೋಗಿಗಳು ಸೊಲ್ಲಾಪುರದ ದವಾಖಾನೆಗಳಿಗೆ ಬರುತ್ತಾರೆ. ಚೀಟಿ ಇಂಗ್ಲಿಷಿನಲ್ಲಿ, ಲಕೋಟೆಯ ಮೇಲಿನ ಸೂಚನೆ ಮರಾಠಿಯಲ್ಲಿ, ಗುಳಿಗೆ ನುಂಗುವವರು ಕನ್ನಡದವರು. ದೇವನಾಗರಿಯ ಒಂದು ಅಂಕಿ ಇಂಗ್ಲಿಷಿನ 9ರಂತೆ ಕಾಣುತ್ತದೆ. ಕನ್ನಡದ ‘೧’ ಅವಸರದಲ್ಲಿ ಸೊನ್ನೆಯಂತೆ ತೋರುತ್ತದೆ. ‘1/2’ ಎಂದರೆ ಅರ್ಧ ಎಂಬುದನ್ನು ಒಂದೋ ಎರಡೋ ಎಂದು ಓದಿಕೊಳ್ಳುವವರೂ ಇದ್ದಾರೆ. ಆದ್ದರಿಂದ ಅಂಕಿಯ ಜೊತೆ ಅಕ್ಷರದಲ್ಲೂ ಬರೆಸಿಕೊಳ್ಳುವುದು ಲೇಸು.

ಚೀಟಿಯಲ್ಲಿನ ‘ಓಡಿ’ ಎಂದರೆ ದಿನಕ್ಕೆ ಒಮ್ಮೆ, ‘ಬಿಡಿ’ ಎಂದರೆ ಎರಡು ಸಲ, ‘ಟಿಡಿಎಸ್’ ಎಂದರೆ ಮೂರು ಸಲ, ‘ಎಚ್‌ಎಸ್’ ಎಂದರೆ ಮಲಗುವಾಗ, ‘ಎಸ್‌ಒಎಸ್’ ಎಂದರೆ ಬೇಕೆನಿಸಿದಾಗ ಮಾತ್ರ. ‘1-0-1’ ಎಂದಿದ್ದರೆ ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಇನ್ನೊಂದು ಅಪಾಯವೂ ಇದೆ. ಸೊಲ್ಲಾಪುರದಲ್ಲಿ ಒಂದು ಕಂಪನಿಯ ಹೆಸರಿನಲ್ಲಿ ಕೊಂಡ ಬಿ.ಪಿ. ಗುಳಿಗೆಯನ್ನೇ ಊರಿನ ಜನೌಷಧಿ ಕೇಂದ್ರದಿಂದ ಮೂಲ ಹೆಸರಿನಲ್ಲಿ ಮತ್ತೆ ತರುವುದುಂಟು. ಹೆಸರು ಎರಡಾದರೂ ಔಷಧ ಒಂದೇ. ಎರಡನ್ನೂ ನುಂಗಿದರೆ ಪ್ರಮಾಣ ಇಮ್ಮಡಿಯಾಗುತ್ತದೆ.

ಪ್ರಮಾಣ ತಪ್ಪಿದರೆ

ಇನ್ಸುಲಿನ್: ಬಾಟಲಿಗಳು ಒಂದು ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಬಗೆಯಲ್ಲಿ ಸಿಗುತ್ತವೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ಸಕ್ಕರೆ ಕುಸಿದು ಜೀವಕ್ಕೇ ಸಂಚಕಾರ ಬರಬಹುದು.

ಮಕ್ಕಳ ಜ್ವರದ ಔಷಧ: ಪ್ಯಾರಾಸಿಟಮಾಲ್ ಹನಿಗಳಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಅಥವಾ 250 ಮಿ.ಗ್ರಾಂ. ಹನಿಯ ಔಷಧವನ್ನು ಸಿರಪ್ಪಿನಂತೆ 5 ಮಿ.ಲೀ. ಕುಡಿಸಿದರೆ ಮಗುವಿಗೆ 500 ಮಿ.ಗ್ರಾಂ ಹೋಗುತ್ತದೆ.

ಮೆಥೊಟ್ರೆಕ್ಸೇಟ್: ಸಂಧಿವಾತಕ್ಕೆ ಇದನ್ನು ವಾರಕ್ಕೊಮ್ಮೆ ಕೊಡುತ್ತಾರೆ. ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಸಾವೂ ಸಂಭವಿಸಬಹುದು. ಯಾವ ವಾರ ಎಂಬುದನ್ನು ಲಕೋಟೆಯ ಮೇಲೆ ಬರೆಸಲೇಬೇಕು.

ಕಾನೂನು ಏನು ಹೇಳುತ್ತದೆ?

1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ಕೊಡಬೇಕು. 1945ರ ಔಷಧ ನಿಯಮಗಳಲ್ಲಿನ 65ನೇ ನಿಯಮದಂತೆ, ಚೀಟಿಯಲ್ಲಿ ಷೆಡ್ಯೂಲ್ ‘ಎಚ್’ ಔಷಧವಿದ್ದರೆ ಅಂಗಡಿಯವರು ತಾವಾಗಿಯೇ ಅದರ ಬದಲಿಗೆ ಬೇರೊಂದು ಕೊಡುವಂತಿಲ್ಲ. ಚೀಟಿ ಸ್ಪಷ್ಟವಾಗಿರಬೇಕು, ಆದಷ್ಟು ದೊಡ್ಡಕ್ಷರದಲ್ಲಿರಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ವೈದ್ಯರಿಗೆ ಸೂಚಿಸಿತ್ತು.

ಅಂಗಡಿಯಲ್ಲಿ ಮಾಡಬಹುದಾದ್ದು

ಹೋಲುವ ಹೆಸರಿನ ಔಷಧಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಡಬೇಕು. ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ಚೀಟಿಯೊಂದಿಗೆ ತಾಳೆ ನೋಡಬೇಕು. ಅಕ್ಷರ ತಿಳಿಯದಿದ್ದರೆ ಊಹಿಸದೆ ವೈದ್ಯರಿಗೆ ಫೋನ್ ಮಾಡಬೇಕು. ತಪ್ಪು ಆಗಿಯೂ ಹಾನಿ ತಪ್ಪಿದ ಪ್ರಸಂಗಗಳನ್ನು ಪುಸ್ತಕದಲ್ಲಿ ಬರೆದಿಟ್ಟರೆ ಸಂದಿ ಎಲ್ಲಿದೆ ಎಂಬುದು ಕಾಣುತ್ತದೆ.

ಗ್ರಾಹಕರು ಮಾಡಬಹುದಾದ್ದು

* ಔಷಧ ಯಾವ ಕಾಯಿಲೆಗೆ ಎಂದು ವೈದ್ಯರನ್ನೇ ಕೇಳಿ ತಿಳಿದುಕೊಳ್ಳಿ.
* ಅಂಗಡಿ ಬಿಡುವ ಮುನ್ನ ಚೀಟಿ, ಬಿಲ್ಲು, ಗುಳಿಗೆಯ ಪಟ್ಟಿ ಮೂರನ್ನೂ ಹೋಲಿಸಿ. ಹೆಸರಿನೊಂದಿಗೆ ಮಿ.ಗ್ರಾಂ ಕೂಡ ನೋಡಿ.
* ಯಾವಾಗ, ಎಷ್ಟು ಎಂಬುದನ್ನು ಕನ್ನಡದಲ್ಲಿ ಹೇಳಿಸಿಕೊಂಡು, ನೀವೇ ತಿರುಗಿ ಹೇಳಿ ತೋರಿಸಿ.
* ಗುಳಿಗೆಯ ಬಣ್ಣ, ಆಕಾರ ಹಿಂದಿನ ತಿಂಗಳಿಗಿಂತ ಬೇರೆಯಿದ್ದರೆ ಕೇಳದೆ ನುಂಗಬೇಡಿ.
* ದವಾಖಾನೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಔಷಧಗಳನ್ನೂ ಚೀಲದಲ್ಲಿ ಒಯ್ಯಿರಿ.

ತಪ್ಪು ಔಷಧ ಹೊಟ್ಟೆಗೆ ಹೋಗಿದ್ದರೆ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲದೆ ಮೊದಲು ವೈದ್ಯರ ಬಳಿ ಹೋಗಬೇಕು. ಉಳಿದ ಗುಳಿಗೆ, ಬಿಲ್ಲು, ಚೀಟಿಗಳನ್ನು ಎಸೆಯಬಾರದು. ಮಹಾರಾಷ್ಟ್ರದಲ್ಲಿ ದೂರನ್ನು ಅನ್ನ ಮತ್ತು ಔಷಧ ಆಡಳಿತಕ್ಕೆ, ಕರ್ನಾಟಕದಲ್ಲಿ ಔಷಧ ನಿರೀಕ್ಷಕರಿಗೆ ಕೊಡಬಹುದು. ಔಷಧದಿಂದ ಅಡ್ಡಪರಿಣಾಮವಾದರೆ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು.